ಊಟದ ಕುರ್ಚಿ ಹವ್ಯಾಸಿಗಳಿಗೆ ಆಗದ ಕೆಲಸವೇ?

ಓದುಗರ ಪ್ರಶ್ನೆ: ರಜೆಯ ದಿನಗಳಲ್ಲಿ ಮರಗೆಲಸ ಮಾಡುವುದು ನನ್ನ ಹವ್ಯಾಸ. ಪುಸ್ತಕದ ಕಪಾಟು, ಪೆಟ್ಟಿಗೆಗಳು, ಕಳೆದ ವರ್ಷ ಆರು ಜನ ಕೂರುವ ಊಟದ ಮೇಜು ಮಾಡಿದ್ದೇನೆ. ಎಲ್ಲ ಗಟ್ಟಿಯಾಗಿವೆ. ಅದೇ ಧೈರ್ಯದಲ್ಲಿ ಆರು ಕುರ್ಚಿಗೆ ಕೈ ಹಾಕಿದೆ. ಮೊದಲನೆಯದನ್ನು ಬಳಸಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಈಗ ಒರಗಿದರೆ ಕಿರ್ ಎನ್ನುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ. ಸೀಟನ್ನು ಹೊರುವ ಚೌಕಟ್ಟಿನ ಪಟ್ಟಿ (ಸೀಟ್ ಪಟ್ಟಿ) 50 ಮಿ.ಮೀ. ಎತ್ತರ. ಪ್ರತಿ ಜೋಡಣೆಗೂ ಎರಡು 8 ಮಿ.ಮೀ. ಡೋವೆಲ್ (ದುಂಡನೆಯ ಮರದ ಗೂಟ), ಬಿಳಿ ಅಂಟು, ಜೊತೆಗೆ ಒಂದು ಸ್ಕ್ರೂ ಹಾಕಿದ್ದೇನೆ. ಒಬ್ಬರು ‘ಮರ ತೆಳುವಾಯಿತು, ದಪ್ಪ ಮಾಡು’ ಅಂದರು. ಇನ್ನೊಬ್ಬರು ‘ಎಪಾಕ್ಸಿ ಹಾಕು, ಜನ್ಮದಲ್ಲಿ ಬಿಡಲ್ಲ’ ಅಂದರು. ಮೂರನೆಯವರು ‘ಕುರ್ಚಿ ಹವ್ಯಾಸಿಗಳ ಕೆಲಸವಲ್ಲ, ಕೊಂಡುಕೊ’ ಅಂದುಬಿಟ್ಟರು. ಓರೆ ಕೋನಗಳ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ, ಹಾಗಾಗಿ ಸೀಟನ್ನು ನೇರ ಚೌಕವಾಗಿಯೇ ಮಾಡಿದ್ದೆ. ಅದೂ ತಪ್ಪಾಯಿತೇ? ಉಳಿದ ಐದನ್ನು ಮಾಡಲೇ, ಬಿಡಲೇ? ಈ ಮೊದಲ ಕುರ್ಚಿಯನ್ನು ಏನು ಮಾಡಲಿ?

ಉತ್ತರ: ಮಾಡಿ. ಆದರೆ ಐದನ್ನೂ ಒಟ್ಟಿಗೆ ಬೇಡ. ಮೊದಲು ಇನ್ನೊಂದೇ ಕುರ್ಚಿ ಮಾಡಿ. ಅದು ದಿನಬಳಕೆಯಲ್ಲಿ ಗಟ್ಟಿಯಾಗಿ ನಿಂತ ಮೇಲೆ ಉಳಿದ ನಾಲ್ಕಕ್ಕೆ ಹಲಗೆ ಕೊಯ್ಯಿರಿ.

ನಿಮ್ಮ ಪತ್ರದಲ್ಲಿ ನನಗೆ ಕೈಚಳಕದ ಕೊರತೆ ಕಾಣಲಿಲ್ಲ. ಮೇಜು, ಕಪಾಟು ಅಲುಗಾಡದೆ ನಿಂತಿವೆ ಎಂದರೆ ಅಳತೆ, ಕೊಯ್ತ, ಅಂಟು ಹಾಕುವುದು ಎಲ್ಲ ನಿಮಗೆ ಬರುತ್ತದೆ. ಕೈಕೊಟ್ಟಿರುವುದು ಒಂದೇ ಜಾಗ: ಪಕ್ಕದ ಸೀಟ್ ಪಟ್ಟಿ ಹಿಂಗಾಲಿಗೆ ಸೇರುವ ಕಡೆ. ರಿಪೇರಿಗೆ ನನ್ನ ಬಳಿ ಬರುವ ಊಟದ ಕುರ್ಚಿಗಳಲ್ಲಿ ಬಹುಪಾಲು ಅಲ್ಲೇ ಸಡಿಲವಾಗಿರುತ್ತವೆ. ಕಾರ್ಖಾನೆಯಲ್ಲಿ ಮಾಡಿದ್ದಾಗಲಿ, ನುರಿತ ಬಡಗಿ ಮಾಡಿದ್ದಾಗಲಿ, ವ್ಯತ್ಯಾಸವಿಲ್ಲ. ಕುರ್ಚಿಯ ಕಷ್ಟವೆಲ್ಲ ಆ ಎರಡು ಜೋಡಣೆಗಳಲ್ಲಿದೆ ಎಂದು ಒಮ್ಮೆ ಮನಸ್ಸಿಗೆ ಬಂದರೆ, ಉಳಿದದ್ದೆಲ್ಲ ನೀವು ಆಗಲೇ ಮಾಡಿರುವ ಕೆಲಸವೇ.

ಮೇಜು ನಿಂತಿತು, ಕುರ್ಚಿ ಯಾಕೆ ಸೋತಿತು?

ಮೇಜಿನ ಮೇಲೆ ಬೀಳುವ ಭಾರ ನೇರವಾಗಿ ಕೆಳಕ್ಕೆ ಹೋಗುತ್ತದೆ. ಕಾಲುಗಳು ಅದನ್ನು ನೆಲಕ್ಕೆ ದಾಟಿಸುತ್ತವೆ, ಅಷ್ಟೇ. ಕುರ್ಚಿಯ ಮೇಲೆ ಕೂರುವುದು ಅಲುಗಾಡುವ ಮನುಷ್ಯ. ಧಪ್ಪನೆ ಕೂರುತ್ತಾನೆ, ಹಿಂದಕ್ಕೆ ಒರಗುತ್ತಾನೆ, ಕೂತಲ್ಲಿಂದಲೇ ಕುರ್ಚಿಯನ್ನು ಎಳೆದುಕೊಳ್ಳುತ್ತಾನೆ. ಊಟ ಮುಗಿದ ಮೇಲೆ ಮುಂದಿನ ಕಾಲೆತ್ತಿ ಹಿಂದಿನ ಎರಡು ಕಾಲ ಮೇಲೆ ತೂಗುವವರೂ ಇದ್ದಾರೆ, ಅಲ್ವಾ? ಇಷ್ಟಾದರೂ ಕುರ್ಚಿ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಗಿರಬೇಕು ಎಂದು ನಾವೇ ಬಯಸುತ್ತೇವೆ.

ಒಂದು ಒರಟು ಲೆಕ್ಕ ಹಾಕಿ ನೋಡೋಣ. ಒರಗಿದಾಗ ಬೆನ್ನು ಸುಮಾರು 30 ಕೆ.ಜಿ. ಬಲದಲ್ಲಿ ಹಿಂದಕ್ಕೆ ತಳ್ಳುತ್ತದೆ ಎಂದಿಟ್ಟುಕೊಳ್ಳಿ. ತಳ್ಳುವ ಜಾಗ ಸೀಟಿನಿಂದ 350 ಮಿ.ಮೀ. ಮೇಲಿದೆ. ಹಿಂಗಾಲು ಇಲ್ಲಿ ಸನ್ನೆಕೋಲಾಗುತ್ತದೆ. 30ನ್ನು 350ರಿಂದ ಗುಣಿಸಿದರೆ 10,500. ಎಡಬಲ ಎರಡು ಜೋಡಣೆ ಹಂಚಿಕೊಂಡರೆ ಒಂದೊಂದಕ್ಕೆ 5,250. ನಿಮ್ಮ ಪಟ್ಟಿ 50 ಮಿ.ಮೀ. ಎತ್ತರದ್ದು. ಒರಗಿದಾಗ ಪಟ್ಟಿಯ ಕೆಳ ಅಂಚು ಕಾಲಿಗೆ ಒತ್ತಿಕೊಳ್ಳುತ್ತದೆ, ಮೇಲಿನ ಅಂಚು ಬಿಟ್ಟುಕೊಳ್ಳಲು ನೋಡುತ್ತದೆ. ಮೇಲಿನ ಡೋವೆಲ್ ಆ ಕೆಳ ಅಂಚಿನಿಂದ ಅಬ್ಬಬ್ಬಾ ಎಂದರೆ 37 ಮಿ.ಮೀ. ದೂರ ಇರಬಹುದು. 5,250ನ್ನು 37ರಿಂದ ಭಾಗಿಸಿ: ಸುಮಾರು 140 ಕೆ.ಜಿ. ಬೆನ್ನು ತಳ್ಳಿದ್ದು 30 ಕೆ.ಜಿ. ಮಾತ್ರ, ಆದರೆ ಆ ಸಣ್ಣ ಡೋವೆಲ್ಲನ್ನು 140 ಕೆ.ಜಿ.ಯಷ್ಟು ಎಳೆದಂತಾಯಿತು. ಒಮ್ಮೆ ಎಳೆದರೆ ಅದು ತಡೆದುಕೊಳ್ಳುತ್ತದೆ. ದಿನಕ್ಕೆ ಮೂರು ಹೊತ್ತು, ತಿಂಗಳುಗಟ್ಟಲೆ ಎಳೆದು ಬಿಟ್ಟು ಮಾಡಿದರೆ ಅಂಟಿನ ಪದರ ಎಲ್ಲೋ ಒಂದು ಕಡೆ ಬಿರಿಯುತ್ತದೆ. ಅಲ್ಲಿಂದ ಮುಂದೆ ಜೋಡಣೆ ಪ್ರತಿ ಸಲ ತೆರೆದು ಮುಚ್ಚುತ್ತದೆ. ನೀವು ಕೇಳುತ್ತಿರುವ ಕಿರ್ ಸದ್ದು ಅದೇ, ಮರಕ್ಕೆ ಮರ ಉಜ್ಜುವ ಸದ್ದು.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಹಸಿ ಮತ್ತು ಒಣ ಹವೆಗೆ ತಕ್ಕಂತೆ ಮರ ಹಿಗ್ಗಿ ಕುಗ್ಗುತ್ತದೆ. ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಇದು ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಜಾಸ್ತಿ. ಕಾಲಿನ ಎಳೆ ಮೇಲೆ-ಕೆಳಗೆ ಓಡುತ್ತದೆ, ಡೋವೆಲ್ಲಿನ ಎಳೆ ಅದಕ್ಕೆ ಅಡ್ಡ. ಹಾಗಾಗಿ ಕೊರೆದಾಗ ದುಂಡಗಿದ್ದ ತೂತೂ ಡೋವೆಲ್ಲೂ ಕಾಲ ಕಳೆದಂತೆ ಸ್ವಲ್ಪ ಸ್ವಲ್ಪ ಮೊಟ್ಟೆಯಾಕಾರಕ್ಕೆ ಬರುತ್ತವೆ, ಅದೂ ಒಂದೊಂದು ಒಂದೊಂದು ದಿಕ್ಕಿಗೆ. ಅದೂ ಅಲ್ಲದೆ, ಅಂಟು ಚೆನ್ನಾಗಿ ಹಿಡಿಯುವುದು ಎಳೆಯ ಉದ್ದದ ಮುಖಕ್ಕೆ ಎಳೆಯ ಉದ್ದದ ಮುಖ ಕೂಡಿದಾಗ. ಕಾಲಿನ ದುಂಡು ತೂತಿನ ಒಳಗೋಡೆಯಲ್ಲಿ ಸುಮಾರು ಅರ್ಧ ಭಾಗ ಎಳೆ ಕತ್ತರಿಸಿದ ತುದಿಗಳೇ. ಅಲ್ಲಿ ಅಂಟು ಹಿಡಿದಂತೆ ಕಂಡರೂ ಬಲವಿರುವುದಿಲ್ಲ.

ನಿಮ್ಮ ಕುರ್ಚಿಯ ಸಡಿಲವಾದ ಪಟ್ಟಿಯನ್ನು ಮೆಲ್ಲಗೆ ಎಳೆದು ಬಿಡಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಡೋವೆಲ್ಲಿನ ಮೇಲೆ ಅಂಟು ನುಣ್ಣಗೆ, ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅದು ಕಾಲಿನ ಮರವನ್ನು ಹಿಡಿದೇ ಇರಲಿಲ್ಲ ಎಂದರ್ಥ. ಅಂಟಿನ ಜೊತೆ ಕಾಲಿನ ಮರದ ನಾರು ಕಿತ್ತು ಬಂದಿದ್ದರೆ ಅಂಟಿನದು ತಪ್ಪಿಲ್ಲ, ಹೊರೆಯೇ ಜಾಸ್ತಿಯಾಯಿತು. ನಿಮ್ಮದರಲ್ಲಿ ಒಂದೇ ಡೋವೆಲ್ಲಿನ ಮೇಲೆ ಎರಡೂ ಗುರುತು ಅಕ್ಕಪಕ್ಕ ಸಿಗುತ್ತವೆ ಎಂದು ನನ್ನ ಅಂದಾಜು.

ನಿಮಗೆ ಸಿಕ್ಕ ಮೂರು ಸಲಹೆಗಳು

ಮರ ದಪ್ಪ ಮಾಡಿದರೆ ಕುರ್ಚಿ ಗಟ್ಟಿಯಾಗುತ್ತದೆ ಎಂಬುದು ಬಹಳ ಜನ ನಂಬಿರುವ ಮಾತು. ಕಾಲು 40 ಮಿ.ಮೀ. ಇದ್ದದ್ದನ್ನು 60 ಮಾಡಿ, ಜೋಡಣೆಯನ್ನು ಹಾಗೇ ಬಿಟ್ಟರೆ, ಸಡಿಲವಾಗುವ ಭಾರವಾದ ಕುರ್ಚಿ ಸಿಗುತ್ತದೆ ಅಷ್ಟೇ. ಇಟಲಿಯ ವಿನ್ಯಾಸಕಾರ ಜಿಯೋ ಪೋಂಟಿ 1957ರಲ್ಲಿ ರೂಪಿಸಿದ ಸೂಪರ್‌ಲೆಜೆರಾ ಎಂಬ ಆಶ್ ಮರದ ಊಟದ ಕುರ್ಚಿಯ ತೂಕ 1.7 ಕೆ.ಜಿ. ಮಾತ್ರ. ಮಕ್ಕಳು ಒಂದು ಬೆರಳಲ್ಲಿ ಎತ್ತಬಹುದು. ಅದು ಇಂದಿಗೂ ತಯಾರಾಗುತ್ತಿದೆ, ಜನ ಅದರ ಮೇಲೆ ಕೂತು ಊಟ ಮಾಡುತ್ತಿದ್ದಾರೆ. ಅದರಲ್ಲಿ ಬಲ ಇರುವುದು ಜೋಡಣೆಯಲ್ಲಿ, ಮತ್ತು ಸೀಟಿನ ಕೆಳಗೆ ಕಾಲುಗಳನ್ನು ಕಟ್ಟಿಹಾಕುವ ಅಡ್ಡಪಟ್ಟಿಗಳಲ್ಲಿ. ನೀವು ದಪ್ಪ ಮಾಡಬೇಕಿಲ್ಲ, ಎತ್ತರ ಮಾಡಬೇಕು. ಸೀಟ್ ಪಟ್ಟಿ 22 ಮಿ.ಮೀ. ದಪ್ಪವೇ ಇರಲಿ, ಎತ್ತರ 50ರಿಂದ 75ಕ್ಕೆ ಹೋಗಲಿ. ಮೇಲಿನ ಲೆಕ್ಕದಲ್ಲಿ 37 ಇದ್ದ ಜಾಗಕ್ಕೆ 60ರ ಹತ್ತಿರದ ಸಂಖ್ಯೆ ಬಂದು ಕೂರುತ್ತದೆ, ಎಳೆತ ಅಷ್ಟೇ ಕಡಿಮೆಯಾಗುತ್ತದೆ.

ಎಪಾಕ್ಸಿ ಒಳ್ಳೆಯ ಅಂಟು, ಅನುಮಾನವೇ ಇಲ್ಲ. ಸಂದು ತುಂಬುವ ಗುಣ ಅದಕ್ಕಿದೆ. ಆದರೆ ಸರಿಯಾಗಿ ಕೂಡುವ ಜೋಡಣೆಯಲ್ಲಿ ಸಾಧಾರಣ ಬಿಳಿ ಅಂಟೇ ಮರಕ್ಕಿಂತ ಗಟ್ಟಿ. ಎಳೆದರೆ ಪಕ್ಕದ ಮರ ಕಿತ್ತು ಬರುತ್ತದೆ, ಅಂಟು ಬಿಡುವುದಿಲ್ಲ. ಅಂಟಿಕೊಳ್ಳುವ ಜಾಗವೇ ಸಾಲದಿರುವಾಗ ಅಂಟು ಬದಲಿಸಿ ಏನು ಪ್ರಯೋಜನ? ಎಪಾಕ್ಸಿಯ ತೊಂದರೆ ಇನ್ನೊಂದು: ಮುಂದೆ ಎಂದಾದರೂ ಜೋಡಣೆ ಬಿಚ್ಚಬೇಕಾದರೆ ಮರ ಒಡೆಯದೆ ಬಿಚ್ಚುವುದು ಬಹಳ ಕಷ್ಟ. ತೇಗದಂಥ ಎಣ್ಣೆಯಂಶದ ಮರವಾದರೆ ಮಾತ್ರ ಒಂದು ಎಚ್ಚರ ಬೇಕು. ಜೋಡಣೆಯ ಮುಖವನ್ನು ಹೊಸದಾಗಿ ಕೆತ್ತಿದ ಕೂಡಲೇ ಅಂಟು ಹಾಕಿ. ಕೊಯ್ದು ವಾರಗಟ್ಟಲೆ ಬಿಟ್ಟರೆ ಎಣ್ಣೆ ಮೇಲಕ್ಕೆ ಬಂದು ಅಂಟು ಹಿಡಿಯುವುದಿಲ್ಲ.

ನೀವು ಹಾಕಿದ ಸ್ಕ್ರೂ ಬಗ್ಗೆಯೂ ಹೇಳಿಬಿಡುತ್ತೇನೆ. ಕಾಲಿನ ಮೂಲಕ ಪಟ್ಟಿಯ ತುದಿಗೆ ಹೋದ ಸ್ಕ್ರೂ ಎಳೆಯ ಉದ್ದಕ್ಕೇ ಕಚ್ಚಿಕೊಂಡಿರುತ್ತದೆ. ಅಲ್ಲಿ ಹಿಡಿತ ಕಡಿಮೆ. ಮರ ಹಿಗ್ಗಿ ಕುಗ್ಗಿದಂತೆ ಅದು ತನ್ನ ತೂತನ್ನು ತಾನೇ ಸವೆಸುತ್ತದೆ. ಕಾಲಿನ ಅತಿ ಹೆಚ್ಚು ಹೊರೆ ಹೊರುವ ಜಾಗದಲ್ಲಿ ಸುಮ್ನೆ ಒಂದು ತೂತು ಉಳಿಯಿತು, ಅಷ್ಟೇ.

ಇನ್ನು ‘ಹವ್ಯಾಸಿಗಳ ಕೆಲಸವಲ್ಲ’ ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಕುರ್ಚಿಯಲ್ಲಿ ಕಷ್ಟಕ್ಕಿಂತ ಜಾಸ್ತಿ ಇರುವುದು ಕೆಲಸದ ಪುನರಾವರ್ತನೆ. ಸೀಟಿನ ಚೌಕಟ್ಟಿಗೆ 8, ಬೆನ್ನಿನ ಎರಡು ಅಡ್ಡಪಟ್ಟಿಗೆ 4, ಒಂದು ಕುರ್ಚಿಗೆ ಕಡಿಮೆ ಎಂದರೂ 12 ಜೋಡಣೆ. ಆರು ಕುರ್ಚಿಗೆ 72. ಎಲ್ಲವೂ ಒಂದೇ ಥರ ಇರಬೇಕು. ಇಲ್ಲಿ ಬೇಕಾದದ್ದು ತಾಳ್ಮೆ ಮತ್ತು ಒಳ್ಳೆಯ ಅಚ್ಚು. ಅವೆರಡೂ ಹವ್ಯಾಸಿಗಳ ಕೈಯಲ್ಲೇ ಜಾಸ್ತಿ ಇರುತ್ತವೆ. ಕೂಲಿ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಅಷ್ಟು ಹೊತ್ತು ಸಿಗುವುದಿಲ್ಲ.

ಯಾವ ಜೋಡಣೆ?

ನನ್ನ ಮೊದಲ ಆಯ್ಕೆ ಮಾರ್ಟೈಸ್-ಟೆನನ್. ಕಾಲಿನಲ್ಲಿ ಉದ್ದನೆಯ ಗೂಡು, ಪಟ್ಟಿಯ ತುದಿಯಲ್ಲಿ ಅದಕ್ಕೆ ಹೊಂದುವ ನಾಲಗೆ. ನಾಲಗೆಯ ಅಗಲವಾದ ಎರಡು ಮುಖಗಳೂ ಗೂಡಿನ ಉದ್ದನೆಯ ಗೋಡೆಗಳಿಗೆ ಅಂಟುತ್ತವೆ. ಎರಡೂ ಕಡೆ ಎಳೆಯ ಉದ್ದದ ಮುಖವೇ. ಅಂಟಿಗೆ ಬೇಕಾದದ್ದು ಅದೇ. ನಾಲಗೆ ಪಟ್ಟಿಯ ದಪ್ಪದ ಮೂರನೇ ಒಂದರಿಂದ ಅರ್ಧದೊಳಗೆ ಇರಲಿ. 22 ಮಿ.ಮೀ. ಪಟ್ಟಿಗೆ 8ರಿಂದ 10 ಮಿ.ಮೀ. ಸಾಕು. ಉದ್ದ 28ರಿಂದ 30 ಮಿ.ಮೀ. ಸಿಗುವಂತೆ ನೋಡಿಕೊಳ್ಳಿ. ಎತ್ತರ ಪಟ್ಟಿಯ ಎತ್ತರಕ್ಕಿಂತ ಮೇಲೆ ಕೆಳಗೆ ಸ್ವಲ್ಪ ಕಡಿಮೆ.

40 ಮಿ.ಮೀ. ಕಾಲಿನೊಳಗೆ ಎರಡು ಕಡೆಯಿಂದ ಬರುವ ನಾಲಗೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಮುಂಗಾಲಿನಲ್ಲಿ ಎರಡರ ತುದಿಯನ್ನೂ 45 ಡಿಗ್ರಿಗೆ ಕೊಯ್ದು ಒಂದಕ್ಕೊಂದು ಮುಖ ಮಾಡಿಸಿ, ನಡುವೆ ಒಂದು ಮಿ.ಮೀ. ಬಿಡಿ. ಹಿಂಗಾಲಿನಲ್ಲಿ ನಾನು ಸಮಪಾಲು ಮಾಡುವುದಿಲ್ಲ. ಪಕ್ಕದ ಪಟ್ಟಿಯ ನಾಲಗೆಗೆ ಪೂರ್ತಿ ಉದ್ದ ಕೊಡುತ್ತೇನೆ. ಹಿಂದಿನ ಪಟ್ಟಿಯ ನಾಲಗೆ ಗಿಡ್ಡವಾದರೂ ಪರವಾಗಿಲ್ಲ, ಅದಕ್ಕೆ ಅಂಥ ಹೊರೆ ಬೀಳುವುದಿಲ್ಲ.

ಉಳಿಯಲ್ಲಿ ಗೂಡು ತೆಗೆಯುವುದು ನಿಮಗೆ ಅಭ್ಯಾಸವಿದ್ದರೆ ಅದೇ ಸಾಕು, ಯಾವ ಯಂತ್ರವೂ ಬೇಡ. ಹೊತ್ತು ಹಿಡಿಯುತ್ತದೆ. ಸುಸ್ತಾದಾಗ ಮಾಡಿದ ಗೂಡಿನ ಗೋಡೆ ಓರೆಯಾಗಿ ಜೋಡಣೆ ಸಡಿಲ ಬರುವ ಅಪಾಯವಿದೆ. ರೂಟರ್ (ತಿರುಗುವ ಬಿಟ್‌ನಿಂದ ಮರ ಕೆತ್ತುವ ಯಂತ್ರ) ಇದ್ದರೆ ಬಿಡಿ ನಾಲಗೆಯ ದಾರಿ ಇನ್ನೂ ಸುಲಭ. ಕಾಲಿನಲ್ಲೂ ಪಟ್ಟಿಯ ತುದಿಯಲ್ಲೂ ಒಂದೇ ಅಳತೆಯ ಗೂಡು ತೆಗೆದು, ನಡುವೆ ಬೇರೆ ಮರದ ತುಂಡನ್ನು ಅಂಟು ಹಚ್ಚಿ ಕೂರಿಸುವುದು. ಇದು ಬಲದಲ್ಲಿ ಸಾಮಾನ್ಯ ನಾಲಗೆಗೆ ಕಡಿಮೆಯೇನಲ್ಲ. ಪಟ್ಟಿಯನ್ನು ತುದಿ ಮೇಲಾಗಿ ನಿಲ್ಲಿಸಿ ಹಿಡಿಯಲು ಒಂದು ಗಟ್ಟಿ ಜಿಗ್ (ಕೆಲಸದ ತುಂಡನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಮಾತ್ರ ಮಾಡಿಕೊಳ್ಳಲೇಬೇಕು. ಕೈಯಲ್ಲಿ ಹಿಡಿದು ರೂಟರ್ ಓಡಿಸುವುದು ಬೇಡ. ನಿಮಗೆ ನಾನು ಹೇಳುವುದು ಈ ದಾರಿಯನ್ನೇ.

ಡೋವೆಲ್ಲನ್ನೇ ನೆಚ್ಚಿಕೊಳ್ಳಬೇಕು ಎಂದಾದರೆ 8 ಬೇಡ, 10 ಮಿ.ಮೀ. ಇರಲಿ. 75 ಮಿ.ಮೀ. ಪಟ್ಟಿಗೆ ಮೂರು, ಮೇಲಿನದು ಮೇಲಂಚಿಗೆ ಹತ್ತಿರ, ಕೆಳಗಿನದು ಕೆಳ ಅಂಚಿಗೆ ಹತ್ತಿರ. ತೂತು ಕೊರೆಯಲು ಜಿಗ್ ಇಲ್ಲದಿದ್ದರೆ ಅರ್ಧ ಮಿ.ಮೀ. ಅತ್ತಿತ್ತ ಆದರೂ ಪಟ್ಟಿ ತಿರುಚಿಕೊಂಡು ಕೂರುತ್ತದೆ. ಡೋವೆಲ್ ಕುರ್ಚಿ ವರ್ಷಗಟ್ಟಲೆ ಬಾಳುವುದುಂಟು, ಆದರೆ ಕೆಳಗೆ ಅಡ್ಡಪಟ್ಟಿ ಇಲ್ಲದೆ ಅದನ್ನು ನಾನು ಮಾಡಲಾರೆ.

ಅಡ್ಡಪಟ್ಟಿಯ ಮಾತು ಬಂದಿದ್ದರಿಂದ ಹೇಳುತ್ತೇನೆ, ಜೋಡಣೆ ಯಾವುದೇ ಇರಲಿ, ಮೊದಲ ಸೆಟ್ಟಿಗೆ ಇದು ಇರಲಿ. ಮುಂಗಾಲಿನಿಂದ ಹಿಂಗಾಲಿಗೆ, ಸೀಟ್ ಪಟ್ಟಿಗಿಂತ 200ರಿಂದ 250 ಮಿ.ಮೀ. ಕೆಳಗೆ, ಎರಡು ಪಕ್ಕಕ್ಕೂ ಒಂದೊಂದು. ಹಿಂಗಾಲು ಹಿಂದಕ್ಕೆ ವಾಲಲು ನೋಡಿದಾಗ ಹೊರೆ ಮೇಲಿನ ಜೋಡಣೆಗೆ ಮಾತ್ರ ಬೀಳದೆ ಎರಡಕ್ಕೂ ಹಂಚಿಹೋಗುತ್ತದೆ. ಎಲ್ಲಕ್ಕಿಂತ ಕಡಿಮೆ ಶ್ರಮದಲ್ಲಿ ಸಿಗುವ ಬಲ ಇದು. ಜೊತೆಗೆ ಸೀಟಿನ ಒಳಮೂಲೆಗಳಿಗೆ ನಾಲ್ಕು ಮೂಲೆಕಟ್ಟುಗಳನ್ನು (ಮೂಲೆಗೆ ಅಡ್ಡಲಾಗಿ ಕೂರುವ ಮರದ ತುಂಡುಗಳು) ಅಂಟು ಮತ್ತು ಸ್ಕ್ರೂ ಎರಡೂ ಹಾಕಿ ಕೂರಿಸಿ. ಸ್ಕ್ರೂಗೆ ಅದು ಸರಿಯಾದ ಜಾಗ, ಅಲ್ಲಿ ಅದು ಪಟ್ಟಿಯ ಎಳೆಗೆ ಅಡ್ಡಲಾಗಿ ಕಚ್ಚುತ್ತದೆ.

ಚೌಕ ಸೀಟು ಮತ್ತು ಓರೆ ಕೋನ

ಸೀಟು ನೇರ ಚೌಕವಾಗಿದ್ದದ್ದು ತಪ್ಪಲ್ಲ. ನಿಮ್ಮ ಕುರ್ಚಿ ಸಡಿಲವಾದದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮುಂದೆ ಅಗಲ, ಹಿಂದೆ ಕಿರಿದು ಮಾಡುವುದು ಮುಖ್ಯವಾಗಿ ನೋಟಕ್ಕೆ, ಮತ್ತು ಕೂತವರ ತೊಡೆಗೆ ಮುಂದೆ ಸ್ವಲ್ಪ ಜಾಗ ಸಿಗಲಿ ಎಂದು. ಈ ಆರನ್ನೂ ಚೌಕ ಸೀಟಿನಲ್ಲೇ ಮುಗಿಸಿ ಎನ್ನುವುದು ನನ್ನ ಅಭಿಪ್ರಾಯ. ಕೂರುವ ಸುಖ ಇರುವುದು ಬೇರೆ ಕಡೆ: ಎತ್ತರದಲ್ಲಿ, ಸೀಟಿನ ಆಳದಲ್ಲಿ, ಬೆನ್ನಿನ ವಾಲಿಕೆಯಲ್ಲಿ.

ಸೀಟಿನ ಎತ್ತರ ನೆಲದಿಂದ 430ರಿಂದ 460 ಮಿ.ಮೀ., ಅಂದರೆ 17ರಿಂದ 18 ಇಂಚು. ಮೇಜಿನ ಮೇಲ್ಮೈಗೂ ಸೀಟಿಗೂ ನಡುವೆ 270ರಿಂದ 300 ಮಿ.ಮೀ. ಇರಬೇಕು. ನಿಮ್ಮ ಮೇಜು ನೀವೇ ಮಾಡಿದ್ದಾದ್ದರಿಂದ ಅದರ ಅಳತೆಯಿಂದಲೇ ಶುರು ಮಾಡಿ. ಮೇಜಿನ ಕೆಳಗಿನ ಪಟ್ಟಿ ತೊಡೆಗೆ ತಾಗುತ್ತದೆಯೇ ಎಂದೂ ನೋಡಿ. ಸೀಟಿನ ಆಳ 400ರಿಂದ 430. ಇದಕ್ಕಿಂತ ಜಾಸ್ತಿಯಾದರೆ ಗಿಡ್ಡಗಿರುವವರ ಬೆನ್ನು ಒರಗಿಗೆ ತಾಗುವುದೇ ಇಲ್ಲ, ಮುಂದಿನ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತುತ್ತದೆ. ಮೇಲೆ ಫೋಮ್ ಸೀಟು ಬರುವುದಾದರೆ ಕೂತಾಗ ಅದು ಎಷ್ಟು ಕುಗ್ಗುತ್ತದೆ ಎಂದು ನೋಡಿ ಎತ್ತರ ಲೆಕ್ಕ ಹಾಕಿ.

ಬೆನ್ನಿನ ವಾಲಿಕೆ ಹಿಂಗಾಲಿನ ಆಕಾರದಿಂದಲೇ ಬರುತ್ತದೆ. ಸೀಟಿಗಿಂತ ಮೇಲಿನ ಭಾಗ 8ರಿಂದ 12 ಡಿಗ್ರಿ ಹಿಂದಕ್ಕೆ ವಾಲಲಿ, ಕೆಳಗಿನ ಭಾಗವೂ ಸ್ವಲ್ಪ ಹಿಂದಕ್ಕೆ ಚಾಚಿರಲಿ. ಕೆಳಭಾಗ ನೇರವಾಗಿ ಇಳಿದು ಮೇಲ್ಭಾಗ ಮಾತ್ರ ವಾಲಿದರೆ ಕುರ್ಚಿ ಹಿಂದಕ್ಕೆ ಮಗುಚಿಕೊಳ್ಳಬಹುದು. ಇವೆರಡರ ನಡುವೆ, ಸೀಟ್ ಪಟ್ಟಿ ಸೇರುವ ಕಡೆ, ಕಾಲಿನ ಮುಂಭಾಗವನ್ನು ಸುಮಾರು 90 ಮಿ.ಮೀ. ನೇರವಾಗಿ, ಚಪ್ಪಟೆಯಾಗಿ ಬಿಡಿ. ಆಗ ಆ ಜೋಡಣೆ ಕಾಲು ಎಷ್ಟೇ ಬಾಗಿದ್ದರೂ 90 ಡಿಗ್ರಿಯದೇ ಆಗಿರುತ್ತದೆ.

ಕೋನಗಳಿಗೆ ಲೆಕ್ಕ ಬೇಡವೇ ಬೇಡ. ಒಂದು ಪ್ಲೈವುಡ್ ಹಾಳೆಯ ಮೇಲೆ ಕುರ್ಚಿಯ ಪಕ್ಕದ ನೋಟವನ್ನು ನಿಜವಾದ ಅಳತೆಯಲ್ಲೇ ಬರೆಯಿರಿ. ನೆಲದ ಗೆರೆ, ಸೀಟಿನ ಗೆರೆ, ಹಿಂಗಾಲಿನ ಬಾಗು, ಪಟ್ಟಿಗಳು, ನಾಲಗೆಗಳು, ಎಲ್ಲ. ಬೆವೆಲ್ ಗೇಜನ್ನು (ಕೋನವನ್ನು ಹಿಡಿದಿಡುವ ಸಾಧನ) ಚಿತ್ರದ ಮೇಲಿಟ್ಟು ಕೋನ ಹಿಡಿದುಕೊಂಡು ಹೋಗಿ ಮರದ ಮೇಲೆ ಗೀರಿ. ಎಷ್ಟು ಡಿಗ್ರಿ ಎಂದು ತಿಳಿಯುವ ಅಗತ್ಯವೇ ಬರುವುದಿಲ್ಲ. ಎರಡು ನಾಲಗೆ ಎಲ್ಲಿ ಡಿಕ್ಕಿಯಾಗುತ್ತವೆ ಎಂಬುದೂ ಮರ ಕೊಯ್ಯುವ ಮೊದಲೇ ಅಲ್ಲಿ ಕಾಣಿಸುತ್ತದೆ.

ಸೀಟು ಹಿಂದಕ್ಕೆ ಸ್ವಲ್ಪ ಇಳಿಜಾರಾಗಿದ್ದರೆ ಕೂರಲು ಹಿತ. ಅದಕ್ಕೂ ಓರೆ ಜೋಡಣೆ ಬೇಡ. ಇಡೀ ಕುರ್ಚಿಯನ್ನು ಮಟ್ಟವಾಗಿಯೇ ಕಟ್ಟಿ, ಅಂಟು ಒಣಗಿದ ಮೇಲೆ ಹಿಂಗಾಲುಗಳ ಬುಡವನ್ನು 10ರಿಂದ 12 ಮಿ.ಮೀ. ಕೊಯ್ದುಬಿಡಿ. ಸೀಟೂ ಬೆನ್ನೂ ಒಟ್ಟಿಗೇ ಹಿಂದಕ್ಕೆ ವಾಲುತ್ತವೆ. ಚಿತ್ರದಲ್ಲಿ ಬೆನ್ನಿನ ವಾಲಿಕೆಯನ್ನು ಅಷ್ಟು ಕಡಿಮೆ ಇಟ್ಟುಕೊಂಡಿರಬೇಕು, ಅದೊಂದು ನೆನಪಿರಲಿ.

ಮುಂದೆಂದಾದರೂ ಹಿಂದೆ ಕಿರಿದಾದ ಸೀಟು ಮಾಡುವ ಆಸೆ ಬಂದರೆ ಇದು ಗೊತ್ತಿರಲಿ: ಮುಂದೆ 460, ಹಿಂದೆ 390, ಆಳ 400 ಇದ್ದರೆ ಪಕ್ಕದ ಪಟ್ಟಿ 5 ಡಿಗ್ರಿ ಓರೆ ಬರುತ್ತದೆ. ಬಿಡಿ ನಾಲಗೆಯಾದರೆ ಪಟ್ಟಿಯ ಎರಡು ತುದಿಯನ್ನೂ 5 ಡಿಗ್ರಿಗೆ ಕೊಯ್ದು, ಆ ಕೊಯ್ದ ಮುಖಕ್ಕೆ ನೇರವಾಗಿ ಗೂಡು ತೆಗೆದರೆ ಆಯಿತು. ಕಾಲಿನ ಗೂಡು ಎಂದಿನಂತೆ ನೇರವೇ. ಓರೆ ಕೊಯ್ತ ಎಂದರೆ ಅಷ್ಟೇ.

ಹಿಂಗಾಲಿಗೆ ಹಲಗೆ ಆರಿಸುವಾಗ

ಇಲ್ಲಿ ಅವಸರ ಮಾಡಬೇಡಿ. ಬಾಗಿದ ಹಿಂಗಾಲನ್ನು ನೇರ ಹಲಗೆಯಿಂದ ಕೊಯ್ದಾಗ ಬಾಗಿನ ಜಾಗದಲ್ಲಿ ಎಳೆಗಳು ಕಾಲಿನ ಅಂಚಿಗೆ ಬಂದು ತುಂಡಾಗುತ್ತವೆ. ಅಂಥ ಕಡೆ ಮರ ಸೀಳುತ್ತದೆ. ಸೀಟಿಗಿಂತ ಸ್ವಲ್ಪ ಮೇಲೆ ಕಾಲು ಮುರಿದು ಬಂದ ಕುರ್ಚಿಗಳನ್ನು ನೋಡಿದರೆ ಹೆಚ್ಚಿನವಕ್ಕೆ ಇದೇ ಕಾರಣ. ಹಿಂಗಾಲಿನ ಆಕಾರಕ್ಕೆ ಕೊಯ್ದ ಅಚ್ಚನ್ನು ಹಲಗೆಯ ಮೇಲಿಟ್ಟು ಅತ್ತಿತ್ತ ತಿರುಗಿಸಿ ನೋಡಿ. ಎಳೆ ತಾನಾಗಿಯೇ ಸ್ವಲ್ಪ ಬಾಗಿ ಓಡುವ ಜಾಗ ಸಿಕ್ಕರೆ ಅಚ್ಚನ್ನು ಅದರ ಜೊತೆ ಕೂರಿಸಿ. ಒಂದರ ಬಾಗಿನೊಳಗೆ ಇನ್ನೊಂದು ಕೂರುವಂತೆ ಬರೆದರೆ ಹಲಗೆ ಉಳಿಯುತ್ತದೆ ನಿಜ, ಆದರೆ ಉಳಿತಾಯಕ್ಕಾಗಿ ಎಳೆಯನ್ನು ಬಿಟ್ಟುಕೊಡಬೇಡಿ. ಗಂಟು ಇರುವ ಜಾಗ ಹಿಂಗಾಲಿಗೆ ಬೇಡವೇ ಬೇಡ. ನಾಲ್ಕು ಕುರ್ಚಿಗೆ ಎಂಟು ಹಿಂಗಾಲು ಬೇಕಾದರೆ ಹತ್ತು ಕೊಯ್ದಿಡಿ.

ಅಚ್ಚು ಅಂಟಿಸಿ ರೂಟರಿನಲ್ಲಿ ಆಕಾರ ಸವರುವುದಾದರೆ, ಮೊದಲು ಗರಗಸದಲ್ಲಿ ಗೆರೆಯಿಂದ ಒಂದೆರಡು ಮಿ.ಮೀ. ಹೊರಗೆ ಕೊಯ್ದುಕೊಳ್ಳಿ. ಬಾಗಿನಲ್ಲಿ ಎಳೆಯ ದಿಕ್ಕು ಬದಲಾಗುವ ಕಡೆ ಬಿಟ್ ಮರವನ್ನು ಕಚ್ಚಿ ಎಗರಿಸುವ ಅಪಾಯ ನಿಜಕ್ಕೂ ಇದೆ. ಅಲ್ಲಿ ನಿಲ್ಲಿಸಿ ಕಾಲನ್ನು ತಿರುಗಿಸಿಕೊಳ್ಳಿ, ಇಲ್ಲವೇ ಆ ಭಾಗವನ್ನು ಕೈ ಸಾಧನದಲ್ಲೇ ಮುಗಿಸಿ.

ಕಟ್ಟುವ ಕ್ರಮ

ಒಂದೇ ಸಲಕ್ಕೆ ಎಲ್ಲ ಜೋಡಣೆಗೂ ಅಂಟು ಹಚ್ಚಲು ಹೋಗಬೇಡಿ. ಬಿಳಿ ಅಂಟು ಕೆಲವೇ ನಿಮಿಷಗಳಲ್ಲಿ ಬಿಗಿಯಲು ಶುರುವಾಗುತ್ತದೆ, ಕೈ ನಡುಗುತ್ತದೆ. ಮೊದಲು ಅಂಟಿಲ್ಲದೆ ಇಡೀ ಕುರ್ಚಿ ಜೋಡಿಸಿ ನೋಡಿ. ಆಮೇಲೆ ಎರಡು ಮುಂಗಾಲು ಮತ್ತು ಮುಂದಿನ ಪಟ್ಟಿ ಒಂದು ಚೌಕಟ್ಟು, ಎರಡು ಹಿಂಗಾಲು, ಹಿಂದಿನ ಸೀಟ್ ಪಟ್ಟಿ ಮತ್ತು ಬೆನ್ನಿನ ಪಟ್ಟಿಗಳು ಇನ್ನೊಂದು ಚೌಕಟ್ಟು. ಇವು ಪೂರ್ತಿ ಒಣಗಲಿ. ಮಾರನೆಯ ದಿನ ಪಕ್ಕದ ಪಟ್ಟಿಗಳನ್ನೂ ಅಡ್ಡಪಟ್ಟಿಗಳನ್ನೂ ಸೇರಿಸಿ. ಕ್ಲ್ಯಾಂಪ್ ಬಿಗಿದ ಮೇಲೆ ಸೀಟಿನ ಎರಡು ಕರ್ಣಗಳನ್ನು ಅಳೆಯಿರಿ, ಸಮ ಇರಬೇಕು. ಕೆಲಸವೆಲ್ಲ ಚಪ್ಪಟೆಯಾದ ಹಲಗೆಯ ಮೇಲೆ ನಡೆಯಲಿ. ಕ್ಲ್ಯಾಂಪಿನಲ್ಲಿ ತಿರುಚಿದ ಕುರ್ಚಿ ಒಣಗಿದ ಮೇಲೂ ತಿರುಚಿಯೇ ಇರುತ್ತದೆ.

ಇಷ್ಟಾದರೂ ಒಂದು ಕಾಲು ಕೂದಲೆಳೆಯಷ್ಟು ಕುಂಟಬಹುದು. ಒಂದೊಂದೇ ಕಾಲನ್ನು ಕೊಯ್ಯುತ್ತಾ ಹೋದರೆ ಕುರ್ಚಿ ಗಿಡ್ಡವಾಗುತ್ತದೆ, ಕುಂಟು ಹೋಗುವುದಿಲ್ಲ. ಚಪ್ಪಟೆ ಹಲಗೆಯ ಮೇಲೆ ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗೆ ತೆಳು ಬೆಣೆ ಇಟ್ಟು ಅಲುಗಾಟ ನಿಲ್ಲಿಸಿ. ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆಯಿರಿ. ಆ ಗೆರೆಗೆ ನಾಲ್ಕನ್ನೂ ಕೊಯ್ಯಿರಿ. ಹಿಂಗಾಲಿನ ಬುಡ ಕೊಯ್ಯುವ ಕೆಲಸವನ್ನೂ ಇದರ ಜೊತೆಗೇ ಮುಗಿಸಬಹುದು.

ಸೀಟಿಗೆ ಪೂರ್ತಿ ಮರದ ಹಲಗೆ ಹಾಕುವುದಾದರೆ ಅದನ್ನು ಚೌಕಟ್ಟಿಗೆ ಅಂಟಿಸಿಬಿಡಬೇಡಿ. 420 ಮಿ.ಮೀ. ಅಗಲದ ಹಲಗೆ ಹವೆ ಬದಲಾದಂತೆ 4 ಮಿ.ಮೀ. ತನಕ ಹಿಗ್ಗಿ ಕುಗ್ಗಬಹುದು. ಕಟ್ಟಿಹಾಕಿದರೆ ಸೀಟು ಬಿರಿಯುತ್ತದೆ, ಇಲ್ಲವೇ ಜೋಡಣೆಗಳನ್ನು ಒಳಗಿನಿಂದ ತಳ್ಳಿ ಬಿಡಿಸುತ್ತದೆ. ಉದ್ದನೆಯ ತೂತಿನ ಮೂಲಕ ಸ್ಕ್ರೂ ಹಾಕಿ, ಅದಕ್ಕೆ ಸರಿದಾಡಲು ಜಾಗ ಬಿಡಿ. ಪ್ಲೈವುಡ್ ಮೇಲೆ ಫೋಮ್ ಹಾಕಿದ ಬಿಡಿ ಸೀಟಾದರೆ ಈ ಚಿಂತೆಯಿಲ್ಲ.

ಬೇರೆ ದಾರಿಗಳೂ ಇವೆ

ಇಷ್ಟೆಲ್ಲ ಓದಿ ಆರು ಕುರ್ಚಿ ಜಾಸ್ತಿಯಾಯಿತು ಅನ್ನಿಸಿದರೆ ಮೇಜಿನ ಒಂದು ಪಕ್ಕಕ್ಕೆ ಬೆಂಚು ಮಾಡಿ. ಬೆಂಚಿಗೆ ಬೆನ್ನಿಲ್ಲ, ಹಾಗಾಗಿ ಆ ಸನ್ನೆಕೋಲಿನ ಎಳೆತವೇ ಇಲ್ಲ. ಮೇಜು ಮಾಡಿದ ಕೈಗೆ ಅದು ಸಲೀಸು. ತೊಂದರೆ ಎಂದರೆ ನಡುವೆ ಕೂತವರು ಏಳಬೇಕಾದರೆ ಪಕ್ಕದವರೂ ಸರಿಯಬೇಕು, ವಯಸ್ಸಾದವರಿಗೆ ಒರಗಲು ಆಗುವುದಿಲ್ಲ.

ಇನ್ನೊಂದು, ಸೀಟ್ ಪಟ್ಟಿಯೇ ಇಲ್ಲದ ಕುರ್ಚಿ. 40 ಮಿ.ಮೀ. ದಪ್ಪದ ಗಟ್ಟಿ ಹಲಗೆಯೇ ಸೀಟು, ಕೆಳಗಿನಿಂದ ಕಾಲುಗಳು, ಮೇಲಿನಿಂದ ಬೆನ್ನಿನ ಕಡ್ಡಿಗಳು ಅದಕ್ಕೇ ನಾಟಿಕೊಂಡಿರುತ್ತವೆ. ಕಾಲಿನ ತುದಿಯೂ ತೂತೂ ಮೇಲೆ ಹೋದಂತೆ ಕಿರಿದಾಗುವುದರಿಂದ ಕೂತಷ್ಟೂ ಬಿಗಿಯಾಗುತ್ತದೆ. ಬಹಳ ಒಳ್ಳೆಯ ಕುರ್ಚಿ ಅದು. ಆದರೆ ಓರೆ ತೂತು ಕೊರೆಯುವುದು, ಸೀಟು ಕೆತ್ತುವುದು ಬೇರೆಯೇ ಅಭ್ಯಾಸ. ನಿಮಗೆ ಆಗಲೇ ಬರುವ ಕೆಲಸದ ಮುಂದುವರಿಕೆ ಅದಲ್ಲ. ಈ ಆರು ಮುಗಿದ ಮೇಲೆ ನೋಡಿ.

ನಿಮ್ಮ ಮೊದಲ ಕುರ್ಚಿ

ಸರಿಪಡಿಸುವ ತನಕ ಅದರ ಮೇಲೆ ಯಾರನ್ನೂ ಕೂರಿಸಬೇಡಿ. ಒರಗಿದಾಗ ಹಿಂಗಾಲಿನ ಜೋಡಣೆ ಬಿಟ್ಟರೆ ಕೂತವರು ತಲೆ ಹಿಂದಾಗಿ ಬೀಳುತ್ತಾರೆ. ಸಂದಿನೊಳಗೆ ಅಂಟು ಸುರಿದು ಬಿಗಿದರೆ ಪ್ರಯೋಜನವಿಲ್ಲ, ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಬಿಳಿ ಅಂಟು ಹಿಡಿಯುವುದಿಲ್ಲ.

ಸ್ಕ್ರೂ ತೆಗೆದು, ಸುತ್ತಿಗೆಗೆ ಅಡ್ಡ ಮರದ ತುಂಡು ಕೊಟ್ಟು ಮೆಲ್ಲಗೆ ತಟ್ಟಿ ಸಡಿಲವಾದ ಜೋಡಣೆಗಳನ್ನೆಲ್ಲ ಬಿಚ್ಚಿ. ಗಟ್ಟಿಯಾಗಿರುವ ಜೋಡಣೆಯನ್ನು ಬಲವಂತ ಮಾಡಬೇಡಿ, ಅದು ಹಾಗೇ ಇರಲಿ. ಬಿಟ್ಟ ಜೋಡಣೆಗಳಲ್ಲಿ ಡೋವೆಲ್ಲುಗಳನ್ನು ಮಟ್ಟಕ್ಕೆ ಕೊಯ್ದು, ಅದೇ ಜಾಗದಲ್ಲಿ ಕಾಲಿಗೂ ಪಟ್ಟಿಗೂ ಬಿಡಿ ನಾಲಗೆಯ ಗೂಡು ತೆಗೆಯಿರಿ. ಹಳೆಯ ಡೋವೆಲ್ಲೂ ಅಂಟೂ ಅದರ ಜೊತೆಗೇ ಹೋಗುತ್ತವೆ. ಪಟ್ಟಿ 50 ಮಿ.ಮೀ. ಮಾತ್ರ ಇರುವುದರಿಂದ ನಾಲಗೆ 40ಕ್ಕಿಂತ ಎತ್ತರ ಸಿಗುವುದಿಲ್ಲ. ಆ ಕೊರತೆಯನ್ನು ಕೆಳಗಿನ ಅಡ್ಡಪಟ್ಟಿಗಳು ಮತ್ತು ಮೂಲೆಕಟ್ಟುಗಳಿಂದ ತುಂಬಿಸಿ. ಇವೆರಡೂ ಇಲ್ಲದೆ ಆ ಕುರ್ಚಿ ಮತ್ತೆ ಸಡಿಲವಾಗುವುದು ಖಂಡಿತ. ಕಾಲಿನಲ್ಲಿ ಉಳಿದ ಸ್ಕ್ರೂ ತೂತಿಗೆ ಅದೇ ಮರದ ಗೂಟ ಅಂಟಿಸಿ ಮಟ್ಟ ಮಾಡಿ.

ಅಂಟು ಒಣಗಲು ಒಂದು ದಿನ ಪೂರ್ತಿ ಬಿಡಿ. ಆಮೇಲೆ ಒಬ್ಬರನ್ನು ಕೂರಿಸಿ, ನಾಲ್ಕೂ ಕಾಲು ನೆಲದಲ್ಲಿರುವಂತೆ ಜೋರಾಗಿ ಒರಗಲು ಹೇಳಿ. ನೀವು ಪಕ್ಕದಲ್ಲಿ ಕೂತು, ಪಟ್ಟಿಯ ಮೇಲಂಚು ಹಿಂಗಾಲಿಗೆ ಸೇರುವ ಗೆರೆಗೆ ತೆಳು ಕಾಗದದ ಅಂಚು ತೂರಿಸಲು ನೋಡಿ. ತೂರದಿದ್ದರೆ ಊಟಕ್ಕೆ ಬಳಸಬಹುದು. ತೂರಿದರೆ ಆ ಕಡೆಯ ಜೋಡಣೆಯನ್ನು ಮತ್ತೆ ಬಿಚ್ಚಬೇಕು. ಹೊಸ ಕುರ್ಚಿಗೂ ಇದೇ ಪರೀಕ್ಷೆ ಮಾಡಿ, ಒಂದೆರಡು ತಿಂಗಳು ಬಳಸಿದ ಮೇಲೆ ಇನ್ನೊಮ್ಮೆ ಮಾಡಿ. ಆಗಲೂ ಕಾಗದ ತೂರದಿದ್ದರೆ ಉಳಿದ ನಾಲ್ಕಕ್ಕೆ ಹಲಗೆ ಕೊಯ್ಯಬಹುದು.